ನಮ್ಮ ಹಾಡು ರಾಕೂ ಅಲ್ಲ, ಸಿನಿಮಾ ಹಾಡೂ ಅಲ್ಲ ಅಂತಾರೆ. ಹಾಗಾದ್ರೆ ಏನು?

ಕೋಡಿಬಾಗ ಗಿಟಾರು:
ಎಲ್ಲರಿಗೂ ನಮಸ್ಕಾರ. ನಾವು ಕಾರವಾರದ ನಾಲ್ಕು ಹುಡುಗರು, ಎಲ್ಲರೂ ಇಪ್ಪತ್ತರ ಆಸುಪಾಸು. ಎರಡು ಗಿಟಾರು, ಒಂದು ಬೇಸ್, ಒಂದು ಡ್ರಮ್ಸ್. ಅಪ್ಪ ಗೋವಾದಲ್ಲಿ ಕೆಲಸಕ್ಕಿದ್ದಾಗ ತಂದ ಒಂದು ಪೆಟ್ಟಿಗೆ ಕ್ಯಾಸೆಟ್ ಮನೆಯಲ್ಲಿತ್ತು. ಬೀಟಲ್ಸ್, ದ ಹೂ, ಚೀಪ್ ಟ್ರಿಕ್ ಬ್ಯಾಂಡುಗಳನ್ನೆಲ್ಲ ಅದರಲ್ಲೇ ಕೇಳಿದ್ದು, ಹುಚ್ಚು ಹಿಡಿದದ್ದೂ ಅಲ್ಲಿಂದಲೇ. ಈಗ ಸ್ವಂತದ್ದು ಆರು ಹಾಡಿವೆ, ಎಲ್ಲ ಕನ್ನಡದಲ್ಲಿ, ಒಂದೊಂದೂ ಮೂರು ನಿಮಿಷದ ಒಳಗೆ. ಗಿಟಾರು ಜೋರು, ರಾಗ ಸಿಹಿ, ಕೋರಸ್ ನಮ್ಮಲ್ಲಿ ಮೂವರು ಒಟ್ಟಿಗೆ.

ಮೊನ್ನೆ ಗೆಳೆಯನ ಅಣ್ಣನ ರಿಸೆಪ್ಶನ್ನಿನಲ್ಲಿ ನುಡಿಸಿದೆವು. ರಾಕ್ ಕೇಳುವ ದೋಸ್ತ "ಸೋಲೋ ಎಲ್ಲಿ?" ಅಂದ, ಅಂದ್ರೆ ಗಿಟಾರು ಒಂಟಿಯಾಗಿ ಮೆರೆಯುವ ಭಾಗ. ಹಿರಿಯರು "ಗಲಾಟೆ ಜಾಸ್ತಿ" ಅಂದರು. ಗೋವಾದಿಂದ ಬಂದಿದ್ದ ಒಬ್ಬ ಡ್ರಮ್ಮರ್ ಮಾತ್ರ "ಇದು ಪವರ್ ಪಾಪ್" ಅಂತ ಹೇಳಿ ಊಟಕ್ಕೆ ಹೋದ. ಅದೇನು ಅಂತ ಯಾರಾದರೂ ಬಿಡಿಸಿ ಹೇಳಿ. ಇನ್ನೊಂದು ತೊಂದರೆ, ಕೋರಸ್ ಏಳುವುದೇ ಇಲ್ಲ. ರೆಕಾರ್ಡ್ ಮಾಡಿ ಕೇಳಿದರೆ ಎರಡು ಗಿಟಾರು ಸೇರಿ ಗೋಡೆ ಕಟ್ಟಿದ ಹಾಗೆ, ಮಾತು ಒಂದೂ ಕೇಳಿಸುವುದಿಲ್ಲ. ಸಾಲು ಹೀಗಿದೆ: "ನಿನ್ನನ್ನೇ ಹುಡುಕುತ್ತಾ ಅಲೆಯುತ್ತಿದ್ದೇನೆ ನಾನು". ಬೈಯುವುದಿದ್ದರೂ ಬೈಯಿರಿ.

ಕುಮಟಾ ಕ್ಯಾಸೆಟ್:
ತಮ್ಮಾ, ಡ್ರಮ್ಮರ್ ಹೇಳಿದ್ದು ಸರಿಯೇ. ಆ ಹೆಸರು ಹುಟ್ಟಿದ್ದು ನಿನ್ನ ಪೆಟ್ಟಿಗೆಯಲ್ಲಿರುವ ಬ್ಯಾಂಡಿನವರ ಬಾಯಲ್ಲೇ. 1967ರಲ್ಲಿ ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ತಾವು ನುಡಿಸುವುದನ್ನು ಪವರ್ ಪಾಪ್ ಅಂತ ಕರೆದ. ಆಮೇಲೆ ರಾಕ್‌ನವರು ಹತ್ತು ನಿಮಿಷದ ಹಾಡು, ಉದ್ದುದ್ದ ಸೋಲೋ ಅಂತ ಹೋದರಲ್ಲ, ಆಗ ಪವರ್ ಪಾಪ್ ಬ್ಯಾಂಡಿನವರು ಮಾತ್ರ 1965ರ ಸುಮಾರಿನ ಬೀಟಲ್ಸ್ ಹಾಡಿನ ಅಳತೆಯನ್ನೇ ಹಿಡಿದು ಗಿಟಾರನ್ನು ಇನ್ನಷ್ಟು ಜೋರು ಮಾಡಿಕೊಂಡರು. 1970ರಲ್ಲಿ ಬ್ಯಾಡ್‌ಫಿಂಗರ್, 1972ರಲ್ಲಿ ರಾಸ್‌ಬೆರೀಸ್. ಅದೇ ವರ್ಷ ಮೆಂಫಿಸ್‌ನ ಬಿಗ್ ಸ್ಟಾರ್ ಅನ್ನುವ ಬ್ಯಾಂಡಿನವರು ಮೊದಲ ರೆಕಾರ್ಡ್ ತಂದರು. ವಿಮರ್ಶಕರು ಹೊಗಳಿದರು, ಆದರೆ ಅಂಗಡಿಗೆ ಮಾಲು ಸರಿಯಾಗಿ ತಲುಪಲೇ ಇಲ್ಲ, ಮಾರಾಟವಾಗಲಿಲ್ಲ. ಇವತ್ತು ಈ ದಾರಿಯಲ್ಲಿ ಬರುವ ಎಲ್ಲರೂ ಮೊದಲು ಹುಡುಕಿ ಕೇಳುವುದು ಅದನ್ನೇ. ನಿನ್ನ ಚೀಪ್ ಟ್ರಿಕ್ 1978ರಲ್ಲಿ ಟೋಕಿಯೋದ ಬುಡೋಕಾನ್‌ನಲ್ಲಿ ನುಡಿಸಿದ್ದು ರೆಕಾರ್ಡ್ ಆಗಿ ಬಂದ ಮೇಲೇ ಅಮೆರಿಕದಲ್ಲಿ ದೊಡ್ಡ ಹೆಸರಾಯಿತು.

ಹಳೆಯದು ಅಂತ ಸಂಕೋಚ ಬೇಡ. ಲೆಮನ್ ಟ್ವಿಗ್ಸ್ ಅಂತ ಇಬ್ಬರು ಅಣ್ಣತಮ್ಮ, ಲಾಂಗ್ ಐಲೆಂಡಿನವರು, 2016ರಲ್ಲಿ ಮೊದಲ ಆಲ್ಬಂ ತಂದಾಗ ಇಬ್ಬರಿಗೂ ಇಪ್ಪತ್ತು ತುಂಬಿರಲಿಲ್ಲ. ಇವತ್ತಿಗೂ ಅದೇ ಹಳೇ ರುಚಿ. ಸೋಲೋ ಕೇಳಿದ ದೋಸ್ತನಿಗೆ ಎಂಟು ಸೆಕೆಂಡಿನದು ಒಂದು ಕೊಡು, ಸಾಕು.

ಸತ್ಯವಾದಿ ಅಂಕೋಲಾ:
ಕಾರವಾರದಲ್ಲಿ ಹುಟ್ಟಿ ಇಂಗ್ಲೆಂಡಿನ ನಕಲು ಯಾಕಪ್ಪ? ನಮ್ಮಲ್ಲಿ ಸಂಗೀತ ಇಲ್ವಾ?

ಕುಮಟಾ ಕ್ಯಾಸೆಟ್:
ನಿಮ್ಮೂರ ಭಜನೆಯ ಹಾರ್ಮೋನಿಯಂ ಎಲ್ಲಿಂದ ಬಂತು ಮಾರಾಯ್ರೇ? ಪ್ಯಾರಿಸ್‌ನಿಂದ.

ಶಿರಸಿ ಸೋಗೆ:
ಅಪ್ಪಿ, ತಪ್ಪು ಗಿಟಾರಿನದ್ದಷ್ಟೇ ಅಲ್ಲ, ಸಾಲಿನದ್ದೂ ಇದೆ. ಎಣಿಸಿ ನೋಡು, ಹದಿನೈದು ಅಕ್ಷರ. ಅದರಲ್ಲಿ "ಅಲೆಯುತ್ತಿದ್ದೇನೆ" ಒಂದೇ ಆರು. ಪತ್ರ ಬರೆಯಲು ಚೆಂದ, ಓಡುವ ತಾಳಕ್ಕೆ ಕಷ್ಟ. ಇಂಗ್ಲಿಷಿನವರಿಗೆ ಒಂದಕ್ಷರದ ಪದ ಬೇಕಾದಷ್ಟಿವೆ, ನಮಗೆ ಕ್ರಿಯಾಪದದ ಬಾಲವೇ ಅರ್ಧ ಸಾಲು ತಿನ್ನುತ್ತದೆ. ಜೊತೆಗೆ ಒತ್ತಕ್ಷರ ಬಂದಲ್ಲಿ ದನಿ ಒಂದು ಕ್ಷಣ ನಿಲ್ಲುತ್ತದೆ, ಮೂರು ಜನ ಒಂದೇ ಹೊತ್ತಿಗೆ ನಿಲ್ಲುವುದಿಲ್ಲ, ಅಲ್ಲಿ ಕಲಸುಮೇಲೋಗರ. ಆದರೆ ನಮಗೊಂದು ಲಾಭವೂ ಇದೆ. ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದೆ, ಎಳೆಯಲು ಹೇಳಿ ಮಾಡಿಸಿದ ಹಾಗೆ. "ಎಲ್ಲಿ ನೀನು, ಬಾ ಬಾ ಬಾ" ಅಂತ ಹಾಡಿ ನೋಡು. ಅರ್ಥ ಅದೇ. ಕೊನೆಯ ಬಾ ಎಷ್ಟು ಹೊತ್ತು ಬೇಕಾದರೂ ಹಿಡಿಯಬಹುದು.

ಯಕ್ಷಗಾನ ನೋಡಿರುತ್ತೀ ಅಲ್ವಾ? ಚಂಡೆ ಎಷ್ಟು ಜೋರು, ಆದರೂ ಭಾಗವತರ ಪದ ಕೇಳಿಸುತ್ತದೆ. ಅವರ ಶ್ರುತಿ ಏರಿನದ್ದು ಅನ್ನುವುದು ಒಂದು. ಚಂಡೆಯವರು ಪದ್ಯದ ಉದ್ದಕ್ಕೂ ಒಂದೇ ಸಮ ಬಡಿಯುವುದಿಲ್ಲ ಅನ್ನುವುದು ಇನ್ನೊಂದು. ಪದಕ್ಕೆ ಜಾಗ ಬಿಟ್ಟು ಆಮೇಲೆ ಏರುತ್ತಾರೆ. ನಿಮ್ಮ ಡ್ರಮ್ಮರ್‌ಗೆ ಒಂದು ರಾತ್ರಿ ಆಟ ತೋರಿಸು.

ಮಿಕ್ಸರ್ ಭಟ್ಕಳ:
ಗಿಟಾರಿನ ಮಾತು ನಾನು ಹೇಳುತ್ತೇನೆ. ಇಬ್ಬರೂ ಒಂದೇ ಕಾರ್ಡನ್ನು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪನ್ನು) ಒಂದೇ ಜಾಗದಲ್ಲಿ ಹಿಡಿಯುತ್ತೀರಿ, ಸರಿ ತಾನೆ? ಹಾಡು ಜಿ ಶ್ರುತಿಯಲ್ಲಿದ್ದರೆ ಒಬ್ಬ ಕೆಳಗೆ ಓಪನ್ ಜಿ ಹಿಡಿಯಲಿ, ಇನ್ನೊಬ್ಬ ಏಳನೇ ಫ್ರೆಟ್‌ಗೆ (ಗಿಟಾರಿನ ಕುತ್ತಿಗೆಯ ಏಳನೇ ಮನೆಗೆ) ಕೇಪೋ, ಅಂದ್ರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತುವ ಕ್ಲಿಪ್, ಹಾಕಿ ಸಿ ಕಾರ್ಡಿನ ಆಕಾರ ಹಿಡಿಯಲಿ. ಕಾರ್ಡ್ ಅದೇ, ದನಿ ಮೇಲೆ ಹೋಗಿ ಮಿನುಗುತ್ತದೆ. ಆ ಕಾಲದವರ ಹನ್ನೆರಡು ತಂತಿ ಗಿಟಾರಿನ ಗುಟ್ಟೂ ಸುಮಾರು ಇದೇ: ಕೆಳಗಿನ ನಾಲ್ಕು ತಂತಿಗೆ ಒಂದೊಂದು ಮೇಲಿನ ಸ್ಥಾಯಿಯ ಜೋಡಿ. 1964ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ಅಂಥ ರಿಕನ್‌ಬ್ಯಾಕರ್ ಗಿಟಾರು ನೋಡಿಯೇ ಬರ್ಡ್ಸ್ ಬ್ಯಾಂಡಿನ ರೋಜರ್ ಮೆಕ್‌ಗ್ವಿನ್ ತಾನೂ ಒಂದು ಕೊಂಡ. ನಿಮಗೆ ಅದು ದುಬಾರಿ, ಕೇಪೋ ಸಾಕು.

ಗೇನ್ (ಗಿಟಾರಿನ ದನಿಯನ್ನು ಒರಟಾಗಿಸುವ ನಾಬ್) ಅರ್ಧಕ್ಕೆ ಇಳಿಸಿ. ಒಂಟಿಯಾಗಿ ಕೇಳುವಾಗ ಸಪ್ಪೆ ಅನಿಸುತ್ತದೆ, ಬ್ಯಾಂಡಿನಲ್ಲಿ ಅದೇ ಸರಿ. ಗಿಟಾರಿನ ಬೇಸ್ ನಾಬ್ ಕಡಿಮೆ ಮಾಡಿ, ಆ ಜಾಗ ಬೇಸ್‌ನವನದ್ದು. ಮೂವರೂ ಒಂದೇ ಸ್ವರ ಹಾಡಬೇಡಿ, ಒಬ್ಬ ಅದರಿಂದ ಮೇಲಿನ ಮೂರನೇ ಸ್ವರ ಹಾಡಲಿ. ಕೋರಸ್‌ಗೆ ಚಪ್ಪಾಳೆ ಸೇರಿಸಿ, ಎರಡು ಮತ್ತು ನಾಲ್ಕನೇ ಪೆಟ್ಟಿಗೆ. ಮತ್ತೆ ನುಡಿಸಿದ ಕೂಡಲೇ ತಂತಿ ಒರೆಸಿಡಿ, ನಮ್ಮ ಕಡಲ ಗಾಳಿಗೆ ಬೇಗ ತುಕ್ಕು. ತುಕ್ಕು ತಂತಿಯಲ್ಲಿ ಮಿನುಗು ಎಲ್ಲಿಂದ ಬರಬೇಕು?

ಕೋಡಿಬಾಗ ಗಿಟಾರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕೂತೆವು. ಕೇಪೋ ಇರಲಿಲ್ಲ, ಪೆನ್ಸಿಲ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಏಳನೇ ಫ್ರೆಟ್‌ಗೆ ಕಟ್ಟಿದೆವು. ಮಧ್ಯದಲ್ಲಿ ಕರೆಂಟ್ ಹೋಯಿತು. ಆಂಪ್ ಇಲ್ಲದೆ, ಸುಮ್ನೆ ಚಪ್ಪಾಳೆ ತಟ್ಟಿ "ಬಾ ಬಾ ಬಾ" ಹಾಡಿ ಮೊಬೈಲಿನಲ್ಲಿ ಹಿಡಿದದ್ದು ಈ ವರೆಗಿನ ನಮ್ಮ ರೆಕಾರ್ಡಿಂಗ್‌ಗಳಲ್ಲೆಲ್ಲ ಚೆನ್ನಾಗಿದೆ, ನಾಚಿಕೆ. ಪೆನ್ಸಿಲ್ ಎರಡು ಸಲ ಹಾರಿತು. ಡ್ರಮ್ಮರ್ ಮಾತ್ರ ಶಿರಸಿಯವರ ಮೇಲೆ ಸಿಟ್ಟಾಗಿದ್ದಾನೆ, ಪದಕ್ಕೆ ಜಾಗ ಬಿಡಬೇಕು ಅಂದದ್ದಕ್ಕೆ ಅರ್ಧ ಹಾಡು ಸುಮ್ನೆ ಕೂರಬೇಕಾಯಿತಂತೆ. ಆಟ ನೋಡಲು ಬರುತ್ತಾನಂತೆ, ಆದರೆ ಚಂಡೆಯವರ ಪಕ್ಕವೇ ಕೂರಿಸಬೇಕಂತೆ.