ಟನಲ್ ಅಪ್, ಪಿಂಗ್ ಓಕೆ, ಫೈಲ್ ಮಾತ್ರ ಬರ್ತಿಲ್ಲ

ರಾತ್ರಿಪಾಳಿ: ಎರಡು ಆಫೀಸುಗಳ ನಡುವೆ ಜಿಆರ್‌ಇ ಟನಲ್ (ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ತುಂಬಿ ಕಳಿಸೋ ದಾರಿ) ಹಾಕಿದ್ದೇನೆ. ನಮ್ಮ ಕಡೆ ರೂಟರ್, ಸರ್ವರ್ ಇರೋ ಕಡೆ ಲೇಯರ್ 3 ಸ್ವಿಚ್ (ರೂಟಿಂಗ್ ಕೂಡ ಮಾಡೋ ಸ್ವಿಚ್). ಎರಡೂ ಕಡೆ ಟನಲ್ ಅಪ್ ಅಂತ ತೋರಿಸುತ್ತಿದೆ. ಒಂದು ಪಿಂಗೂ ತಪ್ಪುತ್ತಿಲ್ಲ. ಆದರೆ ಸರ್ವರ್‌ನಿಂದ ಫೈಲ್ ಇಳಿಸಲು ಹೋದರೆ ಶುರುವಾಗಿ ಅಲ್ಲೇ ನಿಂತುಬಿಡುತ್ತದೆ. ಎರಡು ದಿನದಿಂದ ತಲೆ ಕೆಟ್ಟಿದೆ.

ಹಳೇಕೇಬಲ್: ಮೊದಲು ಆ 'ಅಪ್' ಅನ್ನೋದನ್ನ ನಂಬಬೇಡಿ. ಆ ಕಡೆಯವರು ಬದುಕಿದ್ದಾರಾ ಅಂತ ಆಗಾಗ ವಿಚಾರಿಸೋ ಕೀಪ್‌ಅಲೈವ್ ಹಾಕದಿದ್ದರೆ, ಆಚೆ ತುದಿಯ ವಿಳಾಸಕ್ಕೆ ಒಂದು ರೂಟ್ ಇದ್ದರೆ ಸಾಕು, ಅಪ್ ಅಂತಲೇ ತೋರಿಸುತ್ತೆ. ಅಲ್ಲಿ ಡಬ್ಬ ಸತ್ತು ಬಿದ್ದಿದ್ದರೂ ಅಷ್ಟೇ. ನಿಮ್ಮದು ಎಂಟಿಯು ರೋಗ, ಅಂದರೆ ಲಿಂಕ್ ಒಂದೇ ಸಲಕ್ಕೆ ಹೊರೋ ಪ್ಯಾಕೆಟ್ಟಿನ ಗರಿಷ್ಠ ಗಾತ್ರದ ತಕರಾರು. ಹೊರಗಿನ ಐಪಿ ಹೆಡರ್ 20 ಬೈಟ್, ಜಿಆರ್‌ಇ 4 ಬೈಟ್. 1500ರಲ್ಲಿ 24 ಹೋದರೆ 1476. ಟನಲ್ ಎಂಟಿಯು ಅಷ್ಟಿಡಿ, ಟಿಸಿಪಿ ಎಂಎಸ್‌ಎಸ್ (ಹೆಡರ್‌ಗಳನ್ನು ಬಿಟ್ಟು ಒಂದು ಪ್ಯಾಕೆಟ್ಟಿನಲ್ಲಿ ಹೋಗೋ ಡೇಟಾದ ಮಿತಿ) 1436ಕ್ಕೆ ಇಳಿಸಿ, ಹೋಗಿ ಮಲಗಿ.

ಲೂಪ್‌ಬ್ಯಾಕ್: ತೇಪೆ ಹಾಕಿ ಕಳಿಸಿಬಿಟ್ರಿ. ಎಂಎಸ್‌ಎಸ್ ಇಳಿಸಿದರೆ ಟಿಸಿಪಿ ಒಂದೇ ಸರಿಹೋಗೋದು, ಯುಡಿಪಿಗೆ ಅದು ಲೆಕ್ಕಕ್ಕೇ ಇಲ್ಲ. 'ಪ್ಯಾಕೆಟ್ ದೊಡ್ಡದಾಯ್ತು, ಚಿಕ್ಕದು ಕಳಿಸು' ಅಂತ ಟನಲ್ ತುದಿ ಐಸಿಎಂಪಿಯಲ್ಲಿ (ನೆಟ್‌ವರ್ಕಿನ ದೂರು-ಸುದ್ದಿ ಮುಟ್ಟಿಸೋ ಪ್ರೋಟೋಕಾಲ್) ಹೇಳುತ್ತೆ. ಅದು ಸರ್ವರ್‌ಗೆ ಮುಟ್ಟುತ್ತಿಲ್ಲ. ಯಾವ ಫೈರ್‌ವಾಲ್ ನುಂಗುತ್ತಿದೆ ಅಂತ ಹುಡುಕಿ.

ಪ್ಯಾಕೆಟ್‌ಪಾಂಡು: ಐಸಿಎಂಪಿ ಬಂದ್ ಆಗಿದ್ದರೆ ಪಿಂಗ್ ಹೇಗೆ ಹೋಗ್ತಿದೆ ಸ್ವಾಮಿ? ನನ್ನ ಅನುಮಾನ ಸ್ವಿಚ್ ಮೇಲೆ. ಜಿಆರ್‌ಇಯನ್ನು ಎಲ್ಲ ಸ್ವಿಚ್ ಚಿಪ್‌ಗಳೂ ಹಾರ್ಡ್‌ವೇರ್‌ನಲ್ಲಿ ಮಾಡಲ್ಲ. ಕಮಾಂಡ್ ಒಪ್ಪಿಕೊಳ್ಳುತ್ತೆ, ಆಮೇಲೆ ಪ್ರತಿ ಪ್ಯಾಕೆಟ್ಟನ್ನೂ ಸಿಪಿಯು ತಲೆಗೆ ಕಟ್ಟುತ್ತೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಬ್ಯಾಕಪ್ ಓಡಿಸಿದ್ದಕ್ಕೆ ಸ್ವಿಚ್‌ಗೆ ಲಾಗಿನ್ ಆಗೋಕೂ ಆಗಿರಲಿಲ್ಲ. ಟನಲ್ ಕೆಲಸ ರೂಟರ್‌ದು.

ಲೂಪ್‌ಬ್ಯಾಕ್: ಪಾಂಡು ಅವರೇ, ಪಿಂಗ್ ಅಂದರೆ ಐಸಿಎಂಪಿಯ ಎಕೋ ಮಾತ್ರ. ನಾನು ಹೇಳ್ತಿರೋದು ಟೈಪ್ 3, ಕೋಡ್ 4, ಅದೇ ಆ 'ದೊಡ್ಡದಾಯ್ತು' ಸಂದೇಶ. ಎಕೋ ಬಿಟ್ಟು ಮಿಕ್ಕಿದ್ದೆಲ್ಲ ತಡೆಯೋ ಪುಣ್ಯಾತ್ಮರು ಬೇಕಾದಷ್ಟಿದ್ದಾರೆ. ಪಾಳಿ ಅವರೇ, ಆ ಸರ್ವರ್‌ನಿಂದಲೇ ಡಿಎಫ್ ಬಿಟ್ ('ತುಂಡು ಮಾಡಬೇಡ' ಅನ್ನೋ ಗುರುತು) ಹಾಕಿ 1448 ಬೈಟಿನ ಪಿಂಗ್ ಕಳಿಸಿ. ಆಮೇಲೆ 1449. ಲಿನಕ್ಸ್, ವಿಂಡೋಸ್ ಎರಡೂ ಹೆಡರಿನ 28 ಬೈಟ್ ಬಿಟ್ಟು ಎಣಿಸುತ್ತವೆ. ಸಿಸ್ಕೋ ರೂಟರ್‌ನಲ್ಲಾದರೆ ಪೂರ್ತಿ 1476 ಅಂತಲೇ ಕೊಡಬೇಕು. ಇಲ್ಲಿ ಎಡವಿ ಅರ್ಧ ದಿನ ಕಳೆದವನು ನಾನು.

ರಾತ್ರಿಪಾಳಿ: 1448 ಸಲೀಸಾಗಿ ಹೋಯಿತು. 1449ಕ್ಕೆ ಉತ್ತರವೂ ಇಲ್ಲ, ಎರರ್ ಕೂಡ ಇಲ್ಲ. ಸುಮ್ನೆ ಮೌನ. ಸರ್ವರ್ ಮುಂದಿನ ಫೈರ್‌ವಾಲ್‌ನಲ್ಲಿ ಎಕೋಗೆ ಮಾತ್ರ ಅನುಮತಿ ಇತ್ತು. ಟೈಪ್ 3 ಬಿಡಿಸಿದ ಮೇಲೆ ಫೈಲ್ ಬಂತು! ಖುಷಿಯಲ್ಲಿ ಓಎಸ್‌ಪಿಎಫ್ (ರೂಟರ್‌ಗಳು ತಾವೇ ದಾರಿ ಹಂಚಿಕೊಳ್ಳೋ ಪ್ರೋಟೋಕಾಲ್) ಕೂಡ ಟನಲ್ ಮೇಲೆ ಹಾಕಿದೆ. ಈಗ ಟನಲ್ ಬೀಳುತ್ತೆ, ಏಳುತ್ತೆ, ಮತ್ತೆ ಬೀಳುತ್ತೆ.

ಹಳೇಕೇಬಲ್: ಲಾಗ್‌ನಲ್ಲಿ 'ರಿಕರ್ಸಿವ್ ರೂಟಿಂಗ್' ಅಂತ ಬರ್ತಿದೆ ತಾನೇ? ಟನಲ್‌ನ ಆಚೆ ತುದಿಗೆ ದಾರಿ ಟನಲ್ ಒಳಗಿಂದಲೇ ಇದೆ ಅಂತ ರೂಟರ್ ಕಲಿತುಬಿಟ್ಟಿದೆ. ತನ್ನ ಹೆಗಲ ಮೇಲೆ ತಾನೇ ಹತ್ತೋಕೆ ಹೊರಟ ಹಾಗೆ. ಹೊರಗಿನ ವಿಳಾಸಕ್ಕೆ ಒಂದು /32 ಸ್ಟ್ಯಾಟಿಕ್ ರೂಟ್ (ಆ ಒಂದೇ ವಿಳಾಸಕ್ಕೆ ಕೈಯಾರೆ ಬರೆದ ದಾರಿ) ಹಾಕಿ, ಅಸಲಿ ಲಿಂಕ್ ಕಡೆಗೆ. ಆ ವಿಳಾಸದ ನೆಟ್‌ವರ್ಕನ್ನು ಟನಲ್ ಮೇಲೆ ಸಾರಬೇಡಿ. ಮತ್ತೆ, ಜಿಆರ್‌ಇ ಒಂದೇ ಇದ್ದರೆ ಗುಟ್ಟು ಏನೂ ಉಳಿಯಲ್ಲ, ಅದು ಏನನ್ನೂ ಎನ್‌ಕ್ರಿಪ್ಟ್ ಮಾಡಲ್ಲ. ಮೇಲೆ ಎನ್‌ಕ್ರಿಪ್ಟ್ ಮಾಡೋ ಐಪಿಸೆಕ್ ಹಾಕಿದರೆ ಎಂಟಿಯು ಇನ್ನೂ ಇಳಿಸಬೇಕು. 1400 ಇಟ್ಟರೆ ಸಾಮಾನ್ಯವಾಗಿ ತಕರಾರಿಲ್ಲ.

ರಾತ್ರಿಪಾಳಿ: ಸ್ಟ್ಯಾಟಿಕ್ ಹಾಕಿದೆ, ನಿಂತಿದೆ. ಒಂದೇ ಚಿಂತೆ. ದೊಡ್ಡ ಫೈಲ್ ಹೋಗುವಾಗ ಸ್ವಿಚ್‌ನ ಸಿಪಿಯು ಶೇಕಡಾ 80 ದಾಟುತ್ತಿದೆ.

ಪ್ಯಾಕೆಟ್‌ಪಾಂಡು: ಆ ಕಡೆಗೂ ಒಂದು ರೂಟರ್ ತರಿಸಿ ಅಂತ ಮತ್ತೆ ಹೇಳಬೇಕಾ?