ನೋಡಿಕೊಳ್ಳುವವರೇ ಹೊಡೆದರೆ ಯಾವ ಕಲಂ?

ಪ್ರಶ್ನೆ: ವಕೀಲರೇ, ಸ್ಟ್ರೋಕ್ ಆಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರೇ ಹೊಡೆದರೆ ಹೆಚ್ಚಿನ ಶಿಕ್ಷೆ ಇದೆಯೇ? ಠಾಣೆಯಲ್ಲಿ ಎಫ್‌ಐಆರ್ ಹಾಕದೆ ಬರೀ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಕೊಟ್ಟು ಕಳಿಸುತ್ತಾರಲ್ಲ?

ವಕೀಲರ ಉತ್ತರ: ಇದೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 115(2)ರಲ್ಲಿ ಸಾಧಾರಣ ಗಾಯಕ್ಕೆ ಹೆಚ್ಚೆಂದರೆ 1 ವರ್ಷ ಜೈಲು, 10,000 ರೂ. ದಂಡ. ಅದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಅದಕ್ಕೇ ಎನ್‌ಸಿಆರ್. ನೀವು ಕೇಳಬೇಕಾದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 92. ಕೈಕಾಲಿಗೆ, ಇಂದ್ರಿಯಕ್ಕೆ ಬೇಕೆಂದೇ ಪೆಟ್ಟು ಮಾಡುವುದು, ವಾಕರ್, ಗಾಲಿಕುರ್ಚಿ ಹಾಳುಗೆಡವುವುದು, ತಮ್ಮ ಸುಪರ್ದಿಯಲ್ಲಿರುವವರಿಗೆ ಗೊತ್ತಿದ್ದೂ ಅನ್ನ ನೀರು ಕೊಡದಿರುವುದು, ಅವಮಾನಿಸಲೆಂದು ಹಲ್ಲೆ ಮಾಡುವುದು ಎಲ್ಲ ಅದರೊಳಗೆ ಬರುತ್ತವೆ. ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ ಜೈಲು, ಜೊತೆಗೆ ದಂಡ. ಹಾಗಾಗಿ ಸಂಜ್ಞೇಯ, ಜಾಮೀನು ರಹಿತ, ಎಫ್‌ಐಆರ್ ಹಾಕಲೇಬೇಕು.

ದೂರು ಕೆಡುವುದು ಬರವಣಿಗೆಯಲ್ಲಿ. ‘ಹೊಡೆದರು’ ಎಂದಷ್ಟೇ ಬರೆದರೆ 115ಕ್ಕೇ ಹೋಗುತ್ತದೆ. ಯಾವ ಕೈ, ಯಾವುದರಿಂದ, ಏನೆಂದು ಬೈದರು, ಎಷ್ಟು ಹೊತ್ತಿನಿಂದ ಊಟ ಕೊಟ್ಟಿಲ್ಲ, ಇಷ್ಟೂ ಇರಲಿ. ಅವಮಾನದ ಉದ್ದೇಶ ಸಾಬೀತು ಮಾಡುವುದು ಕಷ್ಟ. ಅಂಗಕ್ಕಾದ ಪೆಟ್ಟನ್ನೇ ಮುಂದಿಡಿ.

ಪ್ರಶ್ನೆ: ಯುಡಿಐಡಿ ಕಾರ್ಡಿನಲ್ಲಿ (ವಿಕಲಚೇತನರ ಗುರುತಿನ ಚೀಟಿ) ವೈಕಲ್ಯ ಶೇ 40 ಇರಬೇಕಲ್ಲವೇ ಸರ್?

ವಕೀಲರು: ಬೇಡ. ಶೇ 40ರ ಲೆಕ್ಕ ಮೀಸಲಾತಿಯಂಥ ಸೌಲಭ್ಯಗಳಿಗೆ; ಕಲಂ 92ಕ್ಕೆ ದೀರ್ಘಕಾಲದ ವೈಕಲ್ಯ ಇದ್ದರೆ ಸಾಕು. ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ. ಪಾರ್ಕಿನ್ಸನ್ ಕಾಯಿಲೆ ಆ ಕಾಯ್ದೆಯ ಅನುಸೂಚಿಯಲ್ಲೇ (ವೈಕಲ್ಯಗಳ ಪಟ್ಟಿ) ಇದೆ. ಬರೀ ವಯಸ್ಸಾಗಿದೆ, ವೈಕಲ್ಯವಿಲ್ಲ ಎಂದರೆ ಮಾತ್ರ ಕಾನೂನು ಪೊಳ್ಳು: 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 24 ಬಿಟ್ಟುಹೋಗುವವರಿಗಷ್ಟೇ, 3 ತಿಂಗಳು ಅಥವಾ 5,000 ರೂ. ದಂಡ. ಹೊಡೆತದ ಮಾತೇ ಇಲ್ಲ. ದೌರ್ಜನ್ಯವನ್ನೂ ಸೇರಿಸಹೊರಟ 2019ರ ತಿದ್ದುಪಡಿ ಮಸೂದೆ ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು.

ವೈದ್ಯರ ಸೇರ್ಪಡೆ: ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣವೆಂದು ವೈದ್ಯರ ದಾಖಲೆ) ಮಾಡಿಸಿ. ಸ್ಟ್ರೋಕ್ ಆದವರು ಹೆಚ್ಚಾಗಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತಗೊಳ್ಳುತ್ತಿರುತ್ತಾರೆ, ಸುಮ್ಮನೆ ಹಿಡಿದರೂ ಚರ್ಮ ನೀಲಿಗಟ್ಟುತ್ತದೆ. ಎದುರು ವಕೀಲರು ಮೊದಲು ಎತ್ತುವುದೂ ಇದನ್ನೇ. ಆದ್ದರಿಂದ ವೂಂಡ್ ಸರ್ಟಿಫಿಕೇಟಿನಲ್ಲಿ (ವೈದ್ಯರು ಕೊಡುವ ಗಾಯದ ಪ್ರಮಾಣಪತ್ರ) ಗಾಯದ ಜಾಗ, ಅಳತೆ, ಆಕಾರ, ಬಣ್ಣ, ಮಾತ್ರೆಗಳ ಹೆಸರು ಇರಲಿ. ಬಿಗಿಯಾಗಿ ಹಿಡಿದಾಗ ತೋಳಿನ ಒಳಬದಿಯಲ್ಲಿ ಮೂಡುವ ಬೆರಳಿನಾಕಾರದ ಸಾಲು ಗುರುತು ಬೇರೆ. ಸೊಂಟದ ಹಿಂಭಾಗ, ಹಿಮ್ಮಡಿಯ ಹಾಸಿಗೆ ಹುಣ್ಣು ಬೇರೆ. ಅನುಮಾನವಿದ್ದರೆ ಎಕ್ಸ್‌ರೇ ತೆಗೆಸಿ: ಮೂಳೆ ಮುರಿದಿದ್ದರೆ ಅದು ತೀವ್ರ ಗಾಯ, 7 ವರ್ಷದವರೆಗೆ ಶಿಕ್ಷೆ. 15 ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ತೀವ್ರ ಗಾಯವೇ, ಆದರೆ ಮಲಗಿದವರಿಗೆ ದಿನನಿತ್ಯದ ಕೆಲಸ ಎಲ್ಲಿಂದ ಬರಬೇಕು? ಅಂಥವರ ವಿಷಯದಲ್ಲಿ 15 ದಿನ ವಿಪರೀತ ನೋವಿತ್ತು ಎಂಬುದನ್ನು ದಾಖಲಿಸಬೇಕು.

ಪ್ರಶ್ನೆ: ಹೇಳಿಕೆ ಕೊಡಲು ಠಾಣೆಗೆ ಕರೆದೊಯ್ಯಬೇಕೇ? ಮಾತೂ ಸರಿಯಾಗಿ ಬರುವುದಿಲ್ಲ.

ವಕೀಲರು: ಬೇಡ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 179ರಂತೆ ಪೊಲೀಸರೇ ಮನೆಗೆ ಬರಬೇಕು. ಕೋರ್ಟಿನಲ್ಲಿ ಸನ್ನೆ, ಬರಹದ ಮೂಲಕವೂ ಸಾಕ್ಷ್ಯ ಕೊಡಬಹುದು. ಸಿಸಿಟಿವಿ ಇದ್ದರೆ ಹಳೆಯ ದೃಶ್ಯ ಅಳಿಯುವ ಮೊದಲೇ ಡಿವಿಆರ್ (ದೃಶ್ಯ ದಾಖಲಾಗುವ ಪೆಟ್ಟಿಗೆ) ಆಫ್ ಮಾಡಿ ಎತ್ತಿಡಿ. ಆ ದೃಶ್ಯವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರವೂ ಬೇಕು. ಎಫ್‌ಐಆರ್ ಹಾಕದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173(4)ರಂತೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಿ. ಹೊಡೆಯುವವರು ಇನ್ನೂ ಅದೇ ಮನೆಯಲ್ಲಿದ್ದರೆ ಇದಕ್ಕೆಲ್ಲ ಕಾಯಬೇಡಿ, 2016ರ ಕಾಯ್ದೆಯ ಕಲಂ 7ರಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಮೊದಲು ತಿಳಿಸಿ. ಪಕ್ಕದ ಮನೆಯವರೂ ತಿಳಿಸಬಹುದು.