ಇಂಗ್ಲಿಷಿನ ‘ಟೈಮ್’ ಎಂಬ ಪದಕ್ಕೆ ಫ್ರೆಂಚಿನಲ್ಲಿ ಯಾವ ಪದವನ್ನು ಬಳಸಬೇಕು?

ಪ್ರಶ್ನೆ:
ವ್ಯಾಯಾಮದ ಆ್ಯಪ್ ಒಂದರ ಪರದೆಯ ಮೇಲೆ ಕಾಣುವ ಪದಗಳನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ಅನುವಾದಿಸುವ ಕೆಲಸವನ್ನು ಒಪ್ಪಿಕೊಂಡಿದ್ದೇನೆ. ನನಗೆ ಸಿಕ್ಕಿರುವುದು ಪದಪಟ್ಟಿ ಮಾತ್ರ. ಯಾವ ಪದ ಎಲ್ಲಿ ಬರುತ್ತದೆ ಎಂಬ ವಿವರ ಅದರಲ್ಲಿಲ್ಲ. ‘ಟೈಮ್’ ಐದು ಸಾಲುಗಳಲ್ಲಿಯೂ ‘ಟೈಮ್ಸ್’ ಎರಡು ಸಾಲುಗಳಲ್ಲಿಯೂ ಇದೆ. ನಿಘಂಟಿನಲ್ಲಿ ಮೊದಲು ಸಿಗುವ ‘ತಾಂ’ ಎಂಬ ಪದವನ್ನೇ ಏಳೂ ಕಡೆ ಹಾಕಿ ಕಳುಹಿಸಿದ್ದೆ. ಪರಿಶೀಲಕರು ಕಾರಣ ಬರೆಯದೆ ಐದನ್ನು ತಪ್ಪೆಂದು ಹಿಂದಿರುಗಿಸಿದ್ದಾರೆ. ಇದಕ್ಕೊಂದು ನಿಯಮವಿದೆಯೇ?

ಉತ್ತರ 1:
ಇಂಗ್ಲಿಷನ್ನು ಬದಿಗಿಟ್ಟು, ಅದೇ ಮಾತನ್ನು ಕನ್ನಡದಲ್ಲಿ ಹೇಳಿಕೊಂಡು ನೋಡಿ. ನಾವು ‘ಎಷ್ಟು ಗಂಟೆ’ ಎಂದು ಕೇಳುವಂತೆಯೇ ಫ್ರೆಂಚರೂ ‘ಕೆಲ್ ಅರ್ ಎತಿಲ್’ ಎಂದು ಗಂಟೆಯ ಹೆಸರಿನಲ್ಲೇ ಕೇಳುತ್ತಾರೆ. ‘ಮೂರು ಸಲ’ ಎನ್ನುವಲ್ಲಿ ಅವರ ಪದ ‘ಫ್ವಾ’. ‘ನನಗೆ ಸಮಯವಿಲ್ಲ’ ಎನ್ನುವಲ್ಲಿ ಮಾತ್ರ ‘ತಾಂ’. ಇಂಗ್ಲಿಷ್ ಒಂದೇ ಪದದಲ್ಲಿ ಕಟ್ಟಿಟ್ಟಿರುವುದನ್ನು ಎರಡು ಭಾಷೆಗಳೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿಡಿಸಿಕೊಂಡಿವೆ. ಹಾಗಾಗಿ ತರಗತಿ ಆರಂಭವಾಗುವ ವೇಳೆಗೆ ‘ಅರ್’, ವ್ಯಾಯಾಮವನ್ನು ಎಷ್ಟು ಬಾರಿ ಮಾಡಬೇಕು ಎಂಬಲ್ಲಿ ‘ಫ್ವಾ’, ಅದು ಎಷ್ಟು ಹೊತ್ತು ನಡೆಯುತ್ತದೆ ಎಂಬಲ್ಲಿ ‘ದ್ಯುರೇ’, ವಾರದ ವೇಳಾಪಟ್ಟಿಗೆ ‘ಓರೇರ್’ ಸರಿಹೋಗುತ್ತವೆ. ಉಳಿದಿರುವ ಸಮಯಕ್ಕೂ ಓಟಗಾರರ ಅತ್ಯುತ್ತಮ ಸಮಯಕ್ಕೂ ‘ತಾಂ’ ಎಂಬುದೇ ಸರಿ. ಪರಿಶೀಲಕರು ಬಿಟ್ಟುಕೊಟ್ಟದ್ದು ಬಹುಶಃ ಈ ಎರಡನ್ನೇ. ‘ತಾಂ’ ಎಂದರೆ ಮಳೆ, ಬಿಸಿಲುಗಳ ಹವೆ ಎಂಬ ಅರ್ಥವೂ ಇರುವುದರಿಂದ ಅದನ್ನು ಒಂಟಿಯಾಗಿ ನಿಲ್ಲಿಸದಿರುವುದು ಒಳ್ಳೆಯದು.

ಉತ್ತರ 2:
ಮೇಲಿನ ಉಪಾಯ ಚೆನ್ನಾಗಿದೆ, ಆದರೆ ಅದನ್ನು ಕೊನೆಯವರೆಗೂ ನಂಬುವಂತಿಲ್ಲ. ಅಜ್ಜಿಕತೆಯ ‘ಒಂದಾನೊಂದು ಕಾಲದಲ್ಲಿ’ ಫ್ರೆಂಚಿನಲ್ಲಿ ‘ಇಲ್ ಎತೆ ಯೂನ್ ಫ್ವಾ’ ಆಗುತ್ತದೆ. ಅಲ್ಲಿ ಕಾಲವಿಲ್ಲ, ಸಲವಿದೆ. ‘ಮೂರು ಪಟ್ಟು ದೊಡ್ಡದು’ ಎಂಬುದಕ್ಕೂ ‘ಫ್ವಾ’ ಎಂದೇ ಹೇಳಬೇಕು. ನನ್ನನ್ನು ಹೆಚ್ಚು ಕಾಡಿದ್ದು ‘ಸಮಯಕ್ಕೆ ಸರಿಯಾಗಿ’ ಎಂಬ ಮಾತು. ಹತ್ತು ಗಂಟೆಯ ರೈಲು ಹತ್ತಕ್ಕೇ ಬಂದರೆ ಅದು ‘ಆ ಲರ್’ ಬಂದಿತು. ಬಾಗಿಲು ಮುಚ್ಚುವ ಮುನ್ನ ಓಡಿಬಂದು ಹತ್ತಿದವರು ‘ಆ ತಾಂ’ ಬಂದರು. ಮೊದಲನೆಯದು ಗಡಿಯಾರಕ್ಕೆ ಸರಿಯಾಗಿರುವುದು, ಎರಡನೆಯದು ಕೈಮೀರುವ ಮೊದಲು ತಲುಪುವುದು. ತರಗತಿಯನ್ನು ನೆನಪಿಸುವ ಸಂದೇಶಗಳು ಆ್ಯಪ್‌ನಲ್ಲಿದ್ದರೆ ಈ ವ್ಯತ್ಯಾಸ ಖಂಡಿತ ಎದುರಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಆ್ಯಪ್ ತಯಾರಕರಿಂದ ಪರದೆಗಳ ಚಿತ್ರಗಳನ್ನು ತರಿಸಿಕೊಂಡೆ, ಮೊದಲೇ ಕೇಳಬೇಕಿತ್ತು. ಆರು ಸಾಲುಗಳು ನೀವು ಹೇಳಿದಂತೆಯೇ ಹೊಂದಿಕೊಂಡವು. ಉಳಿದ ಒಂದು ನೃತ್ಯ ವ್ಯಾಯಾಮದ ವಿಭಾಗದ್ದು: ‘ಟೈಮ್’ ಎಂಬುದರ ಎದುರಿಗೆ 3/4 ಎಂದಿದೆ. ಇದು ಮುಕ್ಕಾಲು ಗಂಟೆಯೇ?

ಉತ್ತರ 3:
ಅಲ್ಲ, ಅದು ಸಂಗೀತದ ಲಯದ ಲೆಕ್ಕ. ಅಲ್ಲಿ ‘ಮಝ್ಯೂರ್’ ಎಂದು ಬರೆಯಿರಿ. ಸಂಗೀತದಲ್ಲಿ ‘ತಾಂ’ ಎಂದರೆ ಒಂದು ಪೆಟ್ಟು ಮಾತ್ರ. ವಾಲ್ಟ್ಸ್ ನೃತ್ಯದ ಪ್ರತಿ ಮಝ್ಯೂರ್‌ನಲ್ಲಿ ಮೂರು ‘ತಾಂ’ಗಳಿರುತ್ತವೆ. ಆದ್ದರಿಂದ ನೀವು ಮೊದಲು ಹಾಕಿದ್ದ ಪದ ಇಡೀ ಆವರ್ತದ ಜಾಗದಲ್ಲಿ ಅದರ ಒಂದು ಎಣಿಕೆಯನ್ನು ಕೂರಿಸಿದಂತಾಗಿತ್ತು. ಇನ್ನೊಂದು ಸಣ್ಣ ವಿಷಯ: ಸಂಜೆ ಆರೂವರೆಯನ್ನು ಫ್ರೆಂಚಿನಲ್ಲಿ ಸಾಮಾನ್ಯವಾಗಿ 24 ಗಂಟೆಗಳ ಲೆಕ್ಕದಲ್ಲಿ ಬರೆಯುತ್ತಾರೆ, 18 ಮತ್ತು 30ರ ನಡುವೆ ‘ಅರ್’ ಪದದ ಮೊದಲ ಅಕ್ಷರವಾದ, ಉಚ್ಚಾರಣೆಯಲ್ಲಿ ಕೇಳಿಸದ ‘ಎಚ್’ ಅನ್ನು ಇಡುತ್ತಾರೆ. ‘ಅರ್’ ಎಂಬುದರ ಮುಂದೆ ಎರಡು ಚುಕ್ಕೆಗಳ ಚಿಹ್ನೆ ಬರುವುದಾದರೆ, ಆ ಚಿಹ್ನೆಯ ಹಿಂದೆಯೂ ಒಂದು ತೆರಪು ಬಿಡಬೇಕು.